ಪಾಕದ ಮುದ್ದಯ್ಯ ತೆಗೆದಿಟ್ಟ ಹತ್ತು ಚೀಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಹೆಂಡತಿ ಪಂಕಜ ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೇ ತಿಳಿಸಿಬಿಡುತ್ತಾಳೆ. ಆ ಕೋಪದಿಂದ ನಾನು ಮಾಡಿಕೊಂಡ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಮರೆತುಹೋಗಿವೆ. ಮುದ್ದಯ್ಯನವರ ವಿಷಯದಲ್ಲಿ ಮಾಡಿದ್ದು ಮಾತ್ರ ಮರೆತಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಬೀಗರೂ ಈಗಿಲ್ಲ. ಅವರ ಮಗಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮುದ್ದಯ್ಯನವರದು ಹಲಗೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಎರಡು ಎಕರೆ ಕಬ್ಬು, ಪಾಲಿಗೆ ಬಂದ ಒಂದು ಹಳೆಯ ಆಲೆಮನೆ. ಆದರೆ ಅವರ ಜೀವನ ನಡೆಯುತ್ತಿದ್ದುದು ಪಾಕ ಇಳಿಸುವ ಕೆಲಸದಿಂದ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಬೆಲ್ಲವಾಗುವ ಗಳಿಗೆಯೊಂದಿದೆ. ತುಸು ಮುಂಚೆ ಇಳಿಸಿದರೆ ಅಂಟು, ತುಸು ತಡವಾದರೆ ಕರಕಲು. ಮುದ್ದಯ್ಯ ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕದಿಂದ ಚೂರು ತೆಗೆದು, ಮತ್ತೆ ನೀರಿಗೆ ಅದ್ದಿ ಉಂಡೆ ಮಾಡಿ ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಿದ್ದರು. ಟಣ್ ಅಂದರೆ ಇಳಿಸು ಎಂದರ್ಥ. ದಸರೆಯಿಂದ ಶಿವರಾತ್ರಿಯವರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನ ಆಲೆಮನೆಗಳು ಅವರಿಗಾಗಿ ಕಾಯುತ್ತಿದ್ದವು. ಎಂಥ ಕೆಟ್ಟ ಕಬ್ಬನ್ನು ಕಂಡರೂ ಮಾಲೀಕನ ಮುಖಕ್ಕೆ ಹೇಳಿದವರಲ್ಲ. ಭೂಮಿ ಒಂಚೂರು ಬೇಜಾರು ಮಾಡ್ಕೊಂಡಿದೆ ಎಂದು ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೆ.

ನಾನು ಅವರನ್ನು ಕಂಡದ್ದು ಎಪ್ಪತ್ತೆರಡರಲ್ಲಿ. ಆ ಕಾಲಕ್ಕೆ ಮಂಡಿಯಲ್ಲಿ ಬೆಲ್ಲದ ದರ ಟವೆಲ್ಲಿನ ಕೆಳಗೆ ತೀರ್ಮಾನವಾಗುತ್ತಿತ್ತು. ದಲ್ಲಾಳಿಯೂ ವ್ಯಾಪಾರಿಯೂ ಒಂದು ಟವೆಲ್ಲಿನಡಿ ಕೈ ತೂರಿಸಿ ಬೆರಳು ಹಿಡಿದು ಮಾತಾಡಿಕೊಳ್ಳುವರು. ಬೆಲ್ಲ ಬೇಯಿಸಿ ಕಣ್ಣು ಕೆಂಪಗೆ ಮಾಡಿಕೊಂಡ ರೈತ ಎದುರಿಗೆ ನಿಂತು ಟವೆಲ್ಲನ್ನೇ ನೋಡುವನು. ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟರ ಕೆಲಸ ಸಿಗದೆ ಅಲೆಯುತ್ತಿದ್ದ ನನ್ನನ್ನು ಮೂರು ತಾಲ್ಲೂಕಿನ ಇಪ್ಪತ್ತೆರಡು ಆಲೆಮನೆಯವರು ಸೇರಿ ಮಾಡಿಕೊಂಡ ಬೆಲ್ಲದ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. ಎಲ್ಲರ ಬೆಲ್ಲವನ್ನೂ ಒಂದೇ ಹೆಸರಿನಲ್ಲಿ ದೂರದ ವ್ಯಾಪಾರಿಗೆ ನೇರವಾಗಿ ಮಾರುವುದು ಸಂಘದ ಉದ್ದೇಶ.

ಉದ್ದೇಶವೇನೋ ಸರಿ, ಒಗ್ಗಟ್ಟು ಎಲ್ಲಿಂದ ತರುವುದು? ಗೋದಾಮು ಮದ್ದೂರಿನಲ್ಲಿರಲಿ ಎಂದರೆ ಮಂಡ್ಯದವರು ಮುಖ ತಿರುಗಿಸಿದರು, ಮಂಡ್ಯದಲ್ಲಿರಲಿ ಎಂದರೆ ಮದ್ದೂರಿನವರು ಎದ್ದು ನಡೆದರು. ಕಡೆಗೆ ಎರಡಕ್ಕೂ ನಡುವೆ ಹನಕೆರೆಯಲ್ಲಿ ಚಿಕ್ಕಬೋರಯ್ಯ ಎಂಬ ಸದಸ್ಯರ ಹಳೆಯ ಮಿಲ್ಲಿನ ಷೆಡ್ಡು ಗೋದಾಮಾಯಿತು. ಮಳವಳ್ಳಿಯವರು ನಮಗೇ ದೂರ ಎಂದು ಗೊಣಗಿಕೊಂಡೇ ಒಪ್ಪಿದರು. ಆಮೇಲೆ ಬೆಲ್ಲದ ಆಕಾರದ ಜಗಳ. ಒಂದು ಕಡೆಯವರದು ಚೌಕ ಅಚ್ಚು, ಒಂದು ಕಡೆಯವರದು ಬಕೆಟ್ಟಿನಷ್ಟು ದಪ್ಪ, ಇನ್ನೊಂದು ಕಡೆಯವರದು ಉಂಡೆ. ನಾಲ್ಕು ಸಭೆ ಇದಕ್ಕೇ ಹೋದವು. ಐದನೆಯ ಸಭೆಯಲ್ಲಿ ಹಿಂದೆ ಕೂತಿದ್ದ ಮುದ್ದಯ್ಯ, “ಬಾಯಿಗಾಕ್ಕಂಡ್ ಮ್ಯಾಲೆ ಚೌಕ ಯಾವ್ದು, ದುಂಡು ಯಾವ್ದು ಸ್ವಾಮಿ?” ಅಂದರು. ಎಲ್ಲರೂ ನಕ್ಕರು. ಚೌಕದ ಅಚ್ಚೇ ಎಲ್ಲರಿಗೂ ಎಂದು ತೀರ್ಮಾನವಾಯಿತು. ಬೆಲ್ಲ ಪರೀಕ್ಷೆ ಮಾಡುವ ಹೊಣೆಯನ್ನು ಆ ಸಭೆಯೇ ಮುದ್ದಯ್ಯನವರಿಗೆ ವಹಿಸಿತು.

ಸಂಘದ ಅಧ್ಯಕ್ಷರು ಮದ್ದೂರು ಕಡೆಯ ಹೊನ್ನಯ್ಯನವರು. ಇಪ್ಪತ್ತು ಎಕರೆ ಕುಳ, ದೊಡ್ಡ ಮೀಸೆ, ಮೀಸೆಗಿಂತ ದೊಡ್ಡ ಗಂಟಲು. ಮುದ್ದಯ್ಯನವರ ಒಬ್ಬಳೇ ಮಗಳು ಮಾಯಮ್ಮನನ್ನು ಹಿಂದಿನ ವರ್ಷವಷ್ಟೇ ಹೊನ್ನಯ್ಯನವರ ಎರಡನೆಯ ಮಗನಿಗೆ ಕೊಟ್ಟಿದ್ದರು. ಒಳ್ಳೆಯ ಸಂಬಂಧವೇ. ಆದರೆ ಆ ಮನೆಯ ಹಿರಿಯ ಸೊಸೆ ಆಗಲೇ ಎರಡು ವರ್ಷದಿಂದ ತವರಿನಲ್ಲಿದ್ದಳು. ಅವಳ ಅಪ್ಪ ಯಾವುದೋ ಮದುವೆಮನೆಯಲ್ಲಿ ಹೊನ್ನಯ್ಯನವರಿಗೆ ಎದುರು ಮಾತಾಡಿದ್ದಕ್ಕೆ, ಮಾರನೆಯ ದಿನವೇ ಅವಳನ್ನು ಗಾಡಿ ಹತ್ತಿಸಿ ಕಳಿಸಿದ್ದರು. ವಾಪಸು ಕರೆಸುವ ಮಾತೇ ಇರಲಿಲ್ಲ. ಇದು ಮೂರು ತಾಲ್ಲೂಕಿಗೂ ಗೊತ್ತಿತ್ತು.

ಗುಜರಾತಿನ ಒಬ್ಬ ಸೇಠು ಮಾದರಿಗೆ ಕಳಿಸಿದ ಬೆಲ್ಲವನ್ನು ಮೆಚ್ಚಿ ಒಂದು ವ್ಯಾಗನ್ ಬೇಕೆಂದು ಬರೆದ. ಇನ್ನೂರ ಇಪ್ಪತ್ತು ಚೀಲ, ಆಲೆಮನೆಗೆ ಹತ್ತರಂತೆ. ಒಂದೇ ಕರಾರು: ಬಣ್ಣಕ್ಕೆಂದು ಹಾಕುವ ಹೈಡ್ರೋಸ್ ಪುಡಿ ಇರಕೂಡದು. ಆ ಪುಡಿ ಹಾಕಿದರೆ ಬೆಲ್ಲ ಚಿನ್ನದ ಹಾಗೆ ಹೊಳೆಯುತ್ತದೆ, ಮಳೆಗಾಲ ಬಂದಾಗ ಬೆವರಿ ಕಪ್ಪಾಗುತ್ತದೆ. ಒಂದು ಚೀಲದಲ್ಲಿ ಕಂಡರೂ ಮತ್ತೆ ನಿಮ್ಮ ಸಹವಾಸ ಬೇಡ ಎಂದಿದ್ದ. ಹೊನ್ನಯ್ಯನವರು ಸಭೆಯಲ್ಲಿ ಎದ್ದು ನಿಂತು, ಪುಡಿ ಹಾಕಿದವನನ್ನು ಸಂಘದಿಂದ ಆಚೆಗೆ ದಬ್ಬುವುದೇ, ಅವನು ನನ್ನ ಅಣ್ಣತಮ್ಮನಾದರೂ ಸರಿಯೇ ಎಂದು ಗುಡುಗಿದರು. ನಾನೇ ಅದನ್ನು ನಿಯಮವಾಗಿ ಬರೆದುಕೊಂಡೆ.

ಪರೀಕ್ಷೆಯ ಹಿಂದಿನ ದಿನ ನಾನು ವ್ಯಾಗನ್ ವಿಷಯ ಮಾತಾಡಲು ಮಂಡ್ಯ ಸ್ಟೇಷನ್ನಿಗೆ ಹೋಗಿದ್ದೆ. ಗೋದಾಮಿನ ಬೀಗದ ಕೈ ಮುದ್ದಯ್ಯನವರ ಹತ್ತಿರ ಇತ್ತು. ಆ ಮಧ್ಯಾಹ್ನ ನಡೆದದ್ದು ನನಗೆ ತಿಳಿದದ್ದು ಎಂಟು ತಿಂಗಳ ಮೇಲೆ. ಆದರೂ ಅದನ್ನು ಇಲ್ಲಿಯೇ ಹೇಳಬೇಕು.

ಮುದ್ದಯ್ಯ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದೊಂದು ಮನೆಯ ಚೀಲ ಬಿಚ್ಚಿ, ಒಂದೊಂದು ಅಚ್ಚು ಮುರಿದು ನೋಡುತ್ತ ಬಂದರು. ಬೀಗರ ಚೀಲದ ಬೆಲ್ಲ ಎಲ್ಲಕ್ಕಿಂತ ಚೆಂದವಾಗಿತ್ತು. ಮುರಿದು ಮೂಗಿಗೆ ಹಿಡಿದರೆ ಬೆಂಕಿಕಡ್ಡಿ ಗೀರಿದ ವಾಸನೆ. ಆ ವರ್ಷ ಹೊನ್ನಯ್ಯನವರ ಗದ್ದೆಗೆ ನಾಲೆಯ ನೀರು ನಿಂತು ಜೌಗಾಗಿತ್ತು, ಕಬ್ಬಿನ ಹಾಲು ಉಪ್ಪಾಗಿತ್ತು. ಅಧ್ಯಕ್ಷರಾದವರು ಕಪ್ಪು ಬೆಲ್ಲ ತರುವುದು ಹೇಗೆ ಎಂದು ನಾಚಿಕೆಪಟ್ಟು ಪುಡಿ ಹಾಕಿಸಿದ್ದರು.

ಮುದ್ದಯ್ಯ ಒಂದು ಚೀಲದ ಮೇಲೆ ಕೂತುಬಿಟ್ಟರು. ನಾಳೆ ಎಲ್ಲರ ಎದುರು ಹೇಳಿದರೆ ಬೀಗರು ತಮ್ಮ ಬಾಯಿಂದಲೇ ಬಂದ ನಿಯಮಕ್ಕೆ ಬಲಿ; ವಾರ ತುಂಬುವುದರೊಳಗೆ ಮಾಯಮ್ಮನೂ ಗಾಡಿ ಹತ್ತಿ ತವರಿಗೆ. ಹೇಳದೆ ಬಿಟ್ಟರೆ ಇಪ್ಪತ್ತೊಂದು ಮನೆಯವರ ದುಡಿಮೆ ಸೇಠುವಿನ ಗೋದಾಮಿನಲ್ಲಿ ಬೆವರಿ ಹಾಳಾಗಬೇಕು. ಎಲ್ಲರ ಅಚ್ಚೂ ಈಗ ಒಂದೇ ಚೌಕ, ಚೀಲ ಯಾರದೆಂದು ಹೇಳಲು ಇದ್ದದ್ದು ಕಟ್ಟಿದ್ದ ಚೀಟಿ ಮಾತ್ರ. ಮುದ್ದಯ್ಯ ಎದ್ದು ಬೀಗರ ಹತ್ತು ಚೀಟಿ ಬಿಚ್ಚಿ ತಮ್ಮ ಚೀಲಗಳಿಗೆ ಕಟ್ಟಿದರು. ತಮ್ಮ ಚೀಟಿಗಳನ್ನು ಬೀಗರ ಚೀಲಗಳಿಗೆ ಕಟ್ಟಿದರು.

ಮಾರನೆಯ ಬೆಳಿಗ್ಗೆ ಎಲ್ಲರೂ ಸೇರಿದರು. ಹೊನ್ನಯ್ಯನವರ ಚೀಟಿ ಇದ್ದ ಚೀಲದಿಂದ ಒಂದು ಅಚ್ಚು ಮುರಿದು, ಚೂರನ್ನು ಅವರ ಕೈಗೇ ಕೊಟ್ಟು, ಮುದ್ದಯ್ಯ ಭೇಷ್ ಅಂದರು. ಆಮೇಲೆ ತಮ್ಮ ಹೆಸರಿನ ಚೀಲಕ್ಕೆ ಬಂದು ಮುರಿದು ಮೂಸಿದರು.

“ಇದು ನಂದು. ಪುಡಿ ಅದೆ. ತೆಗೀರಿ ಆಚ್ಗೆ.”

ನನ್ನ ತಲೆ ಕೆಟ್ಟುಹೋಯಿತು. ಬೇರೆಯವರಾದರೆ ಒಂದು ಮಾತು ಕೇಳುತ್ತಿದ್ದರು, ಯಾಕಪ್ಪ ಹೀಗೆ ಮಾಡಿದೆ ಅಂತ. ನಾನು ಕೇಳಲಿಲ್ಲ. ಮೂರು ತಾಲ್ಲೂಕಿನ ಬೆಲ್ಲಕ್ಕೆ ನಾಲಿಗೆ ಇಡುವವರು ನೀವು, ನಿಮ್ಮ ಮನೆಯಲ್ಲೇ ಈ ಕಳ್ಳಾಟವೇ, ನಾಚಿಕೆಯಾಗಲಿಲ್ಲವೇ ಎಂದು ನನ್ನಪ್ಪನ ವಯಸ್ಸಿನ ಮನುಷ್ಯನನ್ನು ಅರವತ್ತು ಜನರ ಮುಂದೆ ನಿಲ್ಲಿಸಿಕೊಂಡು ಬೈದೆ. ತಪ್ಪಾಯ್ತು ಸ್ವಾಮಿ ಎಂದರು. ಅದೂ ಸಾಲದೆ ಅಲ್ಲೇ ಅವರನ್ನು ಸಂಘದಿಂದ ತೆಗೆದು ಹಾಕಿಸಿದೆ. ಹೊನ್ನಯ್ಯನವರು ಕೈಯಲ್ಲಿನ ಬೆಲ್ಲದ ಚೂರನ್ನೇ ನೋಡುತ್ತ ಕೂತಿದ್ದರು. ಬೀಗರ ದೆಸೆಯಿಂದ ಅವಮಾನವಾಯಿತು ಪಾಪ ಅಂದುಕೊಂಡೆ. ಎಂಥ ಬುದ್ಧಿವಂತ ನಾನು!

ಕಡಿಮೆ ಬಿದ್ದ ಹತ್ತು ಚೀಲವನ್ನು ಚಿಕ್ಕಬೋರಯ್ಯನವರು ತುಂಬಿಕೊಟ್ಟರು. ವ್ಯಾಗನ್ ಹೋಯಿತು. ಆಷಾಢ ಕಳೆದ ಮೇಲೆ ಸೇಠುವಿನ ಕಾಗದ ಬಂತು: ಬೆಲ್ಲ ಇದ್ದ ಹಾಗೇ ಇದೆ, ಬರುವ ವರ್ಷಕ್ಕೆ ಎರಡು ವ್ಯಾಗನ್. ಅಂದು ಹನಕೆರೆಯಲ್ಲಿ ಮಂಡ್ಯದವರೂ ಮದ್ದೂರಿನವರೂ ಮಳವಳ್ಳಿಯವರೂ ಒಂದೇ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದರು. ಸಂಘ ನಿಂತಿತು ಎಂದು ನನಗೆ ಧೈರ್ಯ ಬಂತು.

ಮುದ್ದಯ್ಯನವರ ಕಡೆ ಯಾರೂ ತಿರುಗಿ ನೋಡಲಿಲ್ಲ. ಪುಡಿ ಹಾಕುವವನು ನಮಗೆ ಯಾಕೆ ಎಂದು ಅಷ್ಟೂ ಆಲೆಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ಹಲಗೂರಿನ ಬಸ್‌ಸ್ಟಾಂಡಿನಲ್ಲಿ ಪಡ್ಡೆಗಳು ಪುಡಿ ಮುದ್ದಯ್ಯ ಎಂದು ಕೂಗಿ ನಗುತ್ತಿದ್ದರಂತೆ. ನನಗೆ ಸುದ್ದಿ ಬಂದಾಗ, ಆಗಲಿ ಬಿಡು, ಅನುಭವಿಸಲಿ ಅಂದೆ. ಹೌದು, ಅಂದೆ.

ಗೌರಿಹಬ್ಬ ಮುಗಿದ ವಾರ, ಒಂದು ಬೆಳಿಗ್ಗೆ ಮಾಯಮ್ಮ ಮಂಡ್ಯದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡ ಗೊಬ್ಬರದ ಅಂಗಡಿಗೆ ಹೋಗಿದ್ದ; ಅವನು ಬರುವುದರೊಳಗೆ ಹೋಗಬೇಕು ಎಂದಳು. ಪಂಕಜ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. ಹಬ್ಬಕ್ಕೆ ತವರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಆ ಹತ್ತು ಚೀಲವನ್ನು ನೋಡಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಹಸಿರು ಬಟ್ಟೆಯ ಎಳೆ ನನ್ನ ಮುಂದಿಟ್ಟಳು.

“ಅದು ನಮ್ಮಪ್ಪನ ಬೆಲ್ಲ ಅಲ್ಲ ಸ್ವಾಮಿ, ನಮ್ಮ ಮಾವಂದು. ಆ ಚೀಲದ ಬಾಯಿ ಒಲ್ದೋಳು ನಾನು. ನನ್ನ ಅಳೇ ಸೀರೆ ಅರ್ದು ಒಲ್ದಿವ್ನಿ.”

ನನ್ನ ಹೆಸರು ಹೇಳಿಯೇ ಸಭೆಯಲ್ಲಿ ಹೇಳಿ, ಆಗುವುದು ಆಗಲಿ, ಅಪ್ಪ ತಲೆ ಬಗ್ಗಿಸಿಕೊಂಡು ಓಡಾಡುವುದನ್ನು ನೋಡಲು ನನ್ನ ಕೈಲಾಗದು ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ.

ಅವಳು ಹೋದ ಮೇಲೆ ನಾನು ಊಟ ಮಾಡಲಿಲ್ಲ. ಮೊದಲು ಸಿಕ್ಕ ಬಸ್ಸಿಗೇ ಹಲಗೂರಿಗೆ ಹೋಗಿ, ಅಲ್ಲಿಂದ ನಡೆದೆ. ಮುದ್ದಯ್ಯ ಯಾರದೋ ಗದ್ದೆಯಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದರು. ಪಾಕದ ಬೆರಳುಗಳಿಗೆ ಕೆಸರು ಮೆತ್ತಿತ್ತು. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ, ಮನೆಗೆ ಬಂದವರಿಗೆ ಕೊಡುವ ಹಾಗೆ ನೀರು ಬೆಲ್ಲ ಕೊಟ್ಟರು. ಅಟ್ಟದ ಮೇಲಿನ ಆ ಬೆಲ್ಲವೇ, ಟೀ ಸೊಪ್ಪಿನ ಬಣ್ಣಕ್ಕೆ ತಿರುಗಿ ಬೆವರುತ್ತಿತ್ತು. ನಾನು ಎಲ್ಲವನ್ನೂ ಹೇಳಿ, ನಾಳೆಯೇ ಸಭೆ ಕರೆದು ನಿಮ್ಮ ಹೆಸರು ಉಳಿಸುತ್ತೇನೆ, ಪರೀಕ್ಷೆಯ ಕೆಲಸಕ್ಕೂ ಮತ್ತೆ ಕರೆಯುತ್ತೇನೆ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಆ ಮಧ್ಯಾಹ್ನ ನಡೆದದ್ದನ್ನೆಲ್ಲ ಹೇಳಿ, ಕಡೆಗೆ ದನಿ ತಗ್ಗಿಸಿದರು.

“ನೀವು ನನ್ನ ಮತ್ತೆ ಕರುದ್ರೆ ಅವ್ಳು ಏಳಿದ್ದು ದಿಟ ಅಂತ ಆಯ್ತದೆ. ಆಮೇಲೆ ನನ್ನ ಮಗ್ಳು ಯಾವ ಮನೇಲಿ ಇರ್ಬೇಕು ಸ್ವಾಮಿ? ಓಗಿರೋದು ನನ್ನ ಎಸ್ರು ತಾನೆ, ಓಗ್ಲಿ ಬುಡಿ.”

ನನಗೆ ಅಳು ಬಂತು, ಮುಚ್ಚಿಡುವುದೇನು. ತಪ್ಪಾಯಿತು ಎಂದು ಕೈ ಮುಗಿದರೆ, ಅಯ್ಯೋ ಬುಡ್ತು ಅನ್ನಿ ಎಂದು ಅವರೇ ಗಾಬರಿಯಾದರು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡು ಬಸ್ಸಿನವರೆಗೆ ಬಂದು ಹತ್ತಿಸಿದರು. ಮಾಯಮ್ಮನಿಗೂ ಅದನ್ನೇ ಹೇಳಿಕಳಿಸಿದೆ. ಅವಳಿಗೆ ಎಷ್ಟು ಸಿಟ್ಟು ಬಂದಿರಬೇಕು ಎಂದು ಈಗಲೂ ಯೋಚಿಸುತ್ತೇನೆ.

ದಸರೆ ಕಳೆದು ಸುಗ್ಗಿಯ ಮೊದಲ ಸಭೆ ಸೇರಿತು. ಕಡೆಯಲ್ಲಿ ಹೊನ್ನಯ್ಯನವರು ಎದ್ದು, ಈ ವರ್ಷ ನಮ್ಮ ಆಲೆಮನೆಯಲ್ಲಿ ಪಾಕ ಇಳಿಸುವವರು ನಮ್ಮ ಬೀಗರು ಎಂದು ಹೇಳಿ ಕೂತರು. ಗಂಟಲು ಎಂದಿನ ಹಾಗಿರಲಿಲ್ಲ. ಬೀಗರ ಮುಲಾಜು ನೋಡಿ ಎಂದು ಹಿಂದಿನ ಸಾಲಿನಲ್ಲಿ ಮುಸಿಮುಸಿ ನಗು.

ಹತ್ತು ಹನ್ನೆರಡು ದಿನ ತಡೆದು, ಬೆಲ್ಲ ನೋಡುವ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಹೊನ್ನಯ್ಯನವರ ಆಲೆಮನೆಗೆ ಹೋದೆ. ಮುದ್ದಯ್ಯ ಕೊಪ್ಪರಿಗೆಯ ಪಕ್ಕ ನಿಂತಿದ್ದರು. ಮಾಯಮ್ಮ ಅಚ್ಚುಗಳನ್ನು ತೊಳೆದು ಜೋಡಿಸುತ್ತಿದ್ದಳು. ಕೆಳಗೆ ಒಲೆಯ ಬಾಯಲ್ಲಿ ಒಬ್ಬ ಆಳು ಮೈಯೆಲ್ಲ ಮಸಿ ಮಾಡಿಕೊಂಡು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಳಕ್ಕೆ ತಳ್ಳುತ್ತಿದ್ದ. ಆಲೆಮನೆಯಲ್ಲಿ ಅದಕ್ಕಿಂತ ಕೀಳು ಕೆಲಸವಿಲ್ಲ. ಮುಖ ಬೇಯುತ್ತದೆ, ಬೈಗುಳವೂ ಬೀಳುತ್ತದೆ. ಅಧ್ಯಕ್ಷರು ಎಲ್ಲಪ್ಪ ಎಂದು ಆ ಆಳನ್ನು ಕೇಳಿದೆ. ಅವನು ತಿರುಗಿದ. ಹೊನ್ನಯ್ಯನವರು!

ಕೂಲಿ ಉಳಿಸಲು ಯಜಮಾನರಿಗೆ ಈ ವಯಸ್ಸಿನಲ್ಲಿ ಜಿಪುಣತನ ಬಂದಿದೆ ಎಂದು ಗಾಣದ ಹತ್ತಿರದ ಹೆಂಗಸರು ನನಗೆ ಕೇಳುವ ಹಾಗೇ ಆಡಿಕೊಂಡರು. ಸುಗ್ಗಿಯ ಮೊದಲ ದಿನದಿಂದ ಹೀಗೇ ಕೂತಿದ್ದಾರಂತೆ. ಮೇಲಿನಿಂದ ಮುದ್ದಯ್ಯ ಉರಿ ತಗ್ಗಿಸಿ ಎಂದರೆ ತಗ್ಗಿಸುವರು, ಹೆಚ್ಚಿಸಿ ಎಂದರೆ ಹೆಚ್ಚಿಸುವರು. ಅಷ್ಟು ದೊಡ್ಡ ಗಂಟಲಿನಿಂದ ಹೂಂ ಎಂಬುದೊಂದು ಬಿಟ್ಟು ಬೇರೆ ಮಾತಿಲ್ಲ.

ಪಾಕ ಇಳಿದು ಅಚ್ಚಿಗೆ ಬಿದ್ದ ಮೇಲೆ ಹೆಂಗಸರು ಕಬ್ಬು ತರಲು ಹೋದರು. ಮುದ್ದಯ್ಯ ಕೊಪ್ಪರಿಗೆ ಬಿಟ್ಟು ಕೆಳಗೆ ಇಳಿದು ಬಂದು ಒಲೆಯ ಹತ್ತಿರ ನಿಂತರು.

“ಸಾಕು ಬೀಗ್ರೆ. ಎದ್ದೇಳಿ ಇನ್ನ.”

ಹೊನ್ನಯ್ಯನವರು ತಲೆ ಎತ್ತಲಿಲ್ಲ. “ನನ್ನ ಬೆಲ್ಲ ಯಾವ್ದು ಅಂತ ನಂಗೆ ಗೊತ್ತಾಗ್ಲಿಲ್ವಾ ಅವತ್ತು? ಕೂತಿರ್ತೀನಿ ಬುಡಿ.”

ಅಚ್ಚು ತೊಳೆಯುತ್ತಿದ್ದ ಮಾಯಮ್ಮನ ಕೈ ನಿಂತುಹೋಯಿತು. ಮುದ್ದಯ್ಯ ಮೇಲೆ ಹತ್ತಿ ಹೋಗಿ, ಕೊಪ್ಪರಿಗೆಗೆ ಹೊಸ ಹಾಲು ಸುರಿಸಿ, ಅಂಚಿನಿಂದ ಬಗ್ಗಿ ನೋಡಿದರು.

“ಅಂಗಾರೆ ಒಂಚೂರು ಉರಿ ಆಕಿ ಬೀಗ್ರೆ,” ಅಂದರು.