ವೈನಿಗೆ ಕೇಳದ ಪ್ರಶ್ನೆ

ವೈನಿ, ಅಂದು ಡಾಕ್ಟರು ಕೇಳಿದ ಪ್ರಶ್ನೆಯನ್ನು ನಾನು ನಿಮ್ಮನ್ನು ಕೇಳಲೇ ಇಲ್ಲ. ಕೇಳಿದೆನೆಂದು ಅವರಿಗೆ ಸುಳ್ಳು ಹೇಳಿದೆ.

ಅಣ್ಣ ತೀರಿದ ಮೇಲೆ ನಿಮ್ಮನ್ನು ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ನಾನೇ, ನಿಮ್ಮ ಮೈದುನ. ನಿಮಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಡಾಕ್ಟರು ರಾಯಚೂರಿನ ಕಡೆಯವರು, ಮರಾಠಿ ತಿಳಿಯದು. ನಡುವೆ ನನ್ನ ನಾಲಗೆ. ಸೀರೆಯೊಳಗಿನ ಪರಕರದ ಲಾಡಿ ಬಿಗಿದು ಬಿಗಿದು ನಿಮ್ಮ ಸೊಂಟದ ಮೇಲೆ ವರ್ಷಗಟ್ಟಲೆ ಮಾಯದೆ ಉಳಿದ ಗಾಯ ಕ್ಯಾನ್ಸರ್ ಆಗಿತ್ತು. ಅದಷ್ಟನ್ನೇ ತೋರಿಸಿ ನೀವು ಸೀರೆ ಬಿಗಿಹಿಡಿದು ಕೂತಿರಿ. ಮುಂದೆ ಮುಟ್ಟಲು ಬಿಡಲಿಲ್ಲ.

"ಚರ್ಮದ ಈ ಕ್ಯಾನ್ಸರ್ ಬಹಳ ಮಂದಿಗೆ ಹರಡಂಗಿಲ್ಲ, ಖರೇ. ಆದ್ರ ಇದು ಹಳೇ ಗಾಯದಾಗ ಹುಟ್ಟ್ಯದ, ಆಳಕ್ಕ ಇಳದದ. ಹರಡಿದ್ರ ಮೊದಲ ತೊಡಿಸಂದ್ಯಾಗ ಗಂಟು ಬರ್ತದ. ಕೈಗೆ ಗಂಟು ಹತ್ತತದೇನು, ಕೇಳ್ರಿ. ಹೇಳಾಕ ನಾಚಿದ್ರ ಮಧ್ಯಾಹ್ನ ಲೇಡಿ ಡಾಕ್ಟರ್ ಬರ್ತಾರ, ತೋರಿಸೇ ಹೋಗ್ರಿ," ಎಂದರು.

ತಾಯಿಯಿಲ್ಲದ ನನಗೆ ತುತ್ತಿಟ್ಟವರು ನೀವು. ನಿಮ್ಮ ತೊಡೆಸಂದಿನ ಮಾತು ನನ್ನ ಬಾಯಲ್ಲಿ — ಹೇಗೆ? ನಿಮ್ಮ ಕಡೆ ತಿರುಗಿ, ಹಸಿವಾಗಿದೆಯೇ ಎಂದು ಮರಾಠಿಯಲ್ಲಿ ಕೇಳಿದೆ.

"ನಾಹೀ ರೇ," ಎಂದಿರಿ.

"ಏನೂ ಇಲ್ಲಂತ್ರೀ," ಎಂದೆ ಡಾಕ್ಟರಿಗೆ.

ಮನೆಗೆ ಬಂದ ಮೇಲಾದರೂ ನನ್ನ ಹೆಂಡತಿಯಿಂದ ಕೇಳಿಸಬಹುದಿತ್ತು. ಕೇಳಿಸಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು — ಅದಕ್ಕೇ ಸುಮ್ಮನಾದೆ. ಗಾಯ ಕತ್ತರಿಸಿ ತೆಗೆದರು, ಹೊಲಿಗೆ ಮಾಗಿತು. ವಾಪಸ್ ಬರುವಾಗ, ರೈಲು ದೇಸೂರು ದಾಟುತ್ತಿದ್ದಂತೆ, ನೀವು ಕೈಮುಗಿದು ಪೀಡೆ ತೊಲಗಿತು ಅಂದಿರಿ. ನಾನೂ ಹೂಂ ಅಂದೆ. ತಪಾಸಣೆಗೆ ತಪ್ಪದೆ ಬನ್ನಿ ಎಂದಿದ್ದರು, ಅದಕ್ಕೂ ಕರೆದೊಯ್ಯಲಿಲ್ಲ. ಮತ್ತೆ ಅದನ್ನೇ ಕೇಳಿದರೆ — ಎಂಬ ಭಯ.

ಈಗ ನಿಮ್ಮ ಕಾಲು ಊದಿ ಕಂಬವಾಗಿದೆ. ತೊಡೆಸಂದಿನ ಗಂಟು ಒಡೆದಿದೆ. ಹರಡಿಬಿಟ್ಟಿದೆ, ಇನ್ನು ನೋವು ಕಡಿಮೆ ಮಾಡಬಹುದಷ್ಟೇ ಎನ್ನುತ್ತಾರೆ ಡಾಕ್ಟರು. ಏನಾದರೂ ಮಾಡಿ ಎಂದು ಅವರ ಕಾಲು ಹಿಡಿದೆ, ವೈನಿ. ಯಾವ ಮುಖದಿಂದ ಹಿಡಿದೆನೋ.

ನಿನ್ನೆ ನನ್ನ ಹೆಂಡತಿ ನಿಮ್ಮ ಪಟ್ಟಿ ಬದಲಿಸುವಾಗ ನೀವು ಅವಳಿಗೆ ಹೇಳಿದ್ದು ಬಾಗಿಲಾಚೆ ನಿಂತಿದ್ದ ನನಗೆ ಕೇಳಿಸಿತು. ಆ ಗಂಟು ಆಗಲೇ ಇತ್ತಂತೆ, ಹುಣಸೆಬೀಜದಷ್ಟು. ಡಾಕ್ಟರು ಕೇಳಲಿಲ್ಲ, ಹಾಗಾಗಿ ನೀವೂ ಹೇಳಲಿಲ್ಲವಂತೆ.

ಕೇಳಿದ್ದರು, ವೈನಿ. ಅವರು ಕೇಳಿದ್ದರು!

ಇಷ್ಟನ್ನೂ ಕನ್ನಡದಲ್ಲಿ ಬರೆದಿದ್ದೇನೆ — ನೀವು ಓದಲಾರದ ಭಾಷೆಯಲ್ಲಿ. ಇದೂ ಅದೇ ಹೇಡಿತನ. ನಾಳೆ ನಿಮ್ಮ ಮಂಚದ ಬಳಿ ಕೂತು, ಡಾಕ್ಟರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಮರಾಠಿಯಲ್ಲಿ ಹೇಳುತ್ತೇನೆ. ಆಮೇಲೆ ನೀವು ಏನೇ ಅಂದರೂ, ಅದನ್ನು ಬೇರೆ ಮಾಡಿ ಹೇಳಲು ನಡುವೆ ಯಾರೂ ಇರುವುದಿಲ್ಲ.