ಅಪ್ಪ ಬಿಟ್ಟು ನಿಂತ ಜಾಗ

ಸತ್ತವರನ್ನು ಬದುಕಿರುವವರ ಪಕ್ಕ ನಿಲ್ಲಿಸಿಕೊಡುವುದು ನನ್ನ ಕಸುಬು. ಟಿ. ನಗರದ ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ ಎಂದು ಬರುವವರು ತೀರಿಹೋದ ಅಜ್ಜನದೋ ತಾಯಿಯದೋ ಹಳೆಯ ಫೋಟೋ ತರುತ್ತಾರೆ. ಅದರಿಂದ ಅವರನ್ನಷ್ಟೇ ಕತ್ತರಿಸಿ ತೆಗೆದು ಈಗಿನ ಕುಟುಂಬದ ಚಿತ್ರಕ್ಕೆ ಸೇರಿಸುತ್ತೇನೆ. ಬದುಕಿರುವವರು ಒಂದು ಕ್ಷಣ ನೆಟ್ಟಗೆ ನಿಲ್ಲುವುದಿಲ್ಲ, ಸತ್ತವರು ಮಾತ್ರ ಹೇಳಿದ ಹಾಗೆ ಕೇಳುತ್ತಾರೆ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ಈಚೆಗೆ ಆ ಕೆಲಸಕ್ಕೂ ಒಂದು ಸ್ಕ್ರಿಪ್ಟ್, ಅಂದರೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ, ಬರೆದುಕೊಂಡಿದ್ದೆ. ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರೂ ಒಂದೊಂದು ಲೇಯರ್, ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳ ಹಾಗೆ. ಯಾರು ಎಲ್ಲಿ ನಿಲ್ಲಬೇಕೋ ಅಲ್ಲೊಂದು ಗುರುತು ಹಾಕಿ ಬಟನ್ ಒತ್ತಿದರೆ ಆಯಿತು. ಸ್ಕ್ರಿಪ್ಟ್ ಪ್ರತಿ ಲೇಯರಿನ ಅಗಲ ಅಳೆದು, ಅದರ ಮಧ್ಯವನ್ನು ಗುರುತಿನ ಮೇಲೆ ತಂದು ನಿಲ್ಲಿಸುತ್ತಿತ್ತು. ನೂರಾರು ಮನೆಗಳ ಹಿರಿಯರು ಹಾಗೆ ಚಕಚಕನೆ ಬಂದು ನಿಂತಿದ್ದರು.

ಹೋದ ವರ್ಷ ಗಿಂಡಿ ಬಡಾವಣೆಯಲ್ಲಿ ನಾನೇ ಒಂದು ಮನೆ ಮಾಡಿದೆ. ಹಾಲಿಗೆ ಒಂದು ದೊಡ್ಡ ಚಿತ್ರ ಬೇಕು ಎಂದು ಅಮ್ಮನ ಹಟ. ಮಧ್ಯೆ ಕುರ್ಚಿಯಲ್ಲಿ ಅಮ್ಮ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಏಳು ವರ್ಷದ ಹಿಂದೆ ಹೋದ ಅಪ್ಪ. “ಹೊಸ ಮನೆಗೆ ನಾವು ಮೂವರೂ ಹೋಗಬೇಕು” ಎಂದರು. ನಾವು ಇದ್ದದ್ದು ನಾಲ್ವರು. ಅಕ್ಕನ ಮಾತನ್ನು ಅಮ್ಮನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಪ್ಪ ಸೌಕಾರ್‌ಪೇಟೆಯ ಟಿಫಿನ್ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ಅದೇ ಬೀದಿಯ ಬಟ್ಟೆ ವ್ಯಾಪಾರಿಯ ಮಗನನ್ನು ಅಕ್ಕ ಯಾರಿಗೂ ಹೇಳದೆ ಮದುವೆಯಾದಳು. ಅಪ್ಪ ಮಾತು ಬಿಟ್ಟರು, ವರ್ಷದೊಳಗೆ ಹೋಗಿಯೂ ಬಿಟ್ಟರು. ಇವಳಿಂದಲೇ ಹೋದರು ಎಂದು ಅಮ್ಮ ಅವಳಿಗೆ ಸುದ್ದಿ ಕಳಿಸಗೊಡಲಿಲ್ಲ.

ಆ ಮಧ್ಯಾಹ್ನ ಬಟನ್ ಒತ್ತಿದೆ. ಅಮ್ಮ ಕುಳಿತರು, ನಾನು ನಿಂತೆ. ಅಪ್ಪ ಮಾತ್ರ ಗುರುತು ಬಿಟ್ಟು ಆಚೆ ಸರಿದು ನಿಂತರು. ಅವರಿಗೂ ಅಮ್ಮನ ಕುರ್ಚಿಗೂ ನಡುವೆ, ಒಬ್ಬರು ಓರೆಯಾಗಿ ನಿಲ್ಲುವಷ್ಟು ಜಾಗ ಖಾಲಿ.

ರೆಸಲ್ಯೂಶನ್ ಹೊಂದುತ್ತಿಲ್ಲವೇನೋ ಎಂದು ನೋಡಿದೆ. ಸರಿಯಿತ್ತು. ಅಳತೆ ಪಿಕ್ಸೆಲಿನ ಬದಲು ಇಂಚಿನಲ್ಲಿದೆಯೇ ನೋಡಿದೆ. ಅದೂ ಸರಿಯಿತ್ತು. ಅಪ್ಪನನ್ನು ಕೈಯಿಂದಲೇ ಎಳೆದು ಗುರುತಿನ ಮೇಲೆ ನಿಲ್ಲಿಸಿ ಮತ್ತೆ ಒತ್ತಿದೆ. ನನ್ನ ಕಣ್ಣೆದುರೇ ಅವರು ಹಿಂದಿನ ಜಾಗಕ್ಕೇ ಹೋದರು. ಅವರ ಬದಲು ಗಿರಾಕಿಯೊಬ್ಬರ ಅಜ್ಜನನ್ನು ಹಾಕಿದೆ. ಆತ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತ. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ನಿಲ್ಲರು. ಕೆಳಗೆ ರಂಗನಾಥನ್ ಬೀದಿಯ ಗದ್ದಲ ಇದ್ದೇ ಇತ್ತು, ಆದರೂ ಕೋಣೆಯಲ್ಲಿ ಒಬ್ಬಳೇ ಇರಲು ಹೆದರಿಕೆಯಾಯಿತು, ನಿಜ ಹೇಳುತ್ತೇನೆ.

ಅಷ್ಟರಲ್ಲಿ ಅಮ್ಮ ಊಟದ ಕ್ಯಾರಿಯರ್ ಹಿಡಿದು ಬಂದರು. ಪರದೆಯನ್ನು ಒಮ್ಮೆ ನೋಡಿದವರು ಕ್ಯಾರಿಯರ್ ಕೆಳಗಿಡಲೇ ಇಲ್ಲ.

“ಎಂತ ಇದು? ಅವರು ಯಾರಿಗೋ ಜಾಗ ಬಿಟ್ಟು ನಿಂತ ಹಾಗೆ ಉಂಟಲ್ಲ?”

“ಸಾಫ್ಟ್‌ವೇರ್ ತೊಂದರೆ ಅಮ್ಮಾ, ಸುಮ್ನಿರಿ” ಎಂದು ಸಿಡುಕಿದೆ. ಹೆದರಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುವುದು.

ಕೊನೆಗೆ ಒಂದು ಉಪಾಯ ಹೊಳೆಯಿತು. ಲೇಯರಿನಲ್ಲಿ ಏನೇ ಇರಲಿ, ಅದರ ಸುತ್ತ ಬಣ್ಣದ ಗೆರೆ ಎಳೆಯುವ ಎಫೆಕ್ಟ್ ಒಂದಿದೆ. ಅಪ್ಪನ ಲೇಯರಿಗೆ ಕೆಂಪು ಗೆರೆ ಕೊಟ್ಟೆ. ಅಪ್ಪನ ತಲೆ, ಹೆಗಲು, ಪಂಚೆಯ ಸುತ್ತ ಗೆರೆ ಬಂತು. ಅವರ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಗೆರೆ ಅಲ್ಲಲ್ಲಿ ಕಡಿದು ಕಡಿದು ಮೂಡಿತು: ಒಂದು ತಲೆ, ಒಂದು ಭುಜ, ಮುಂದಕ್ಕೆ ಬಿಟ್ಟ ಜಡೆ.

ಅಪ್ಪನನ್ನು ಕತ್ತರಿಸಿ ತೆಗೆದ ಫೋಟೋದಲ್ಲಿ ಅವರ ತೋಳು ಹಿಡಿದು ನಿಂತಿದ್ದವಳು ಅಕ್ಕ. ಅಪ್ಪ ಹೋದ ದಿನ, ಇಲ್ಲಿನ ರೂಢಿಯಂತೆ ಗೋಡೆಗೆ ಅಂಟಿಸುವ ಶ್ರದ್ಧಾಂಜಲಿಯ ‘ಕಣ್ಣೀರ್ ಅಂಜಲಿ’ ಪೋಸ್ಟರಿಗೆ ಬೇರೆ ಒಳ್ಳೆಯ ಫೋಟೋ ಸಿಕ್ಕಿರಲಿಲ್ಲ. “ಅವಳನ್ನು ತೆಗೆ” ಎಂದಿದ್ದರು ಅಮ್ಮ. ತೆಗೆದವಳು ನಾನು. ಅಳುತ್ತಾ, ಅವಸರದಲ್ಲಿ, ಮೆತ್ತನೆಯ ಇರೇಸರಿನಲ್ಲಿ ಉಜ್ಜಿದ್ದೆ. ಅಪ್ಪನ ಮುದ್ದಿನವಳು ಅವಳೇ ಎಂಬ ಹೊಟ್ಟೆಕಿಚ್ಚೂ ಆ ಕೈಯಲ್ಲಿತ್ತು. ಈಗ ಬಳಸಿದ್ದೂ ಅದೇ ಚಿತ್ರ; ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅವಳು ಅದರಲ್ಲೇ ಉಳಿದಿದ್ದಳು. ಸ್ಕ್ರಿಪ್ಟ್ ಅವಳನ್ನೂ ಸೇರಿಸಿಯೇ ಅಗಲ ಅಳೆದು, ಇಬ್ಬರ ಮಧ್ಯ ಗುರುತಿನ ಮೇಲೆ ಬರುವಂತೆ ಅಪ್ಪನನ್ನು ಆಚೆ ಸರಿಸುತ್ತಿತ್ತು.

ತೊಂದರೆ ಸಿಕ್ಕಿತ್ತು. ಇನ್ನು ಒಂದೇ ಕ್ಲಿಕ್ಕಿನ ಕೆಲಸ.

“ಪೂರ್ತಿ ಅಳಿಸಿಬಿಡ್ಲಾ?” ಎಂದು ಕೇಳಿದೆ.

ಅಮ್ಮ ಆ ಕೆಂಪು ಜಡೆಯನ್ನೇ ನೋಡುತ್ತಿದ್ದರು. “ಒಮ್ಮೆ ಅಳಿಸಿದ್ದು ಸಾಕು ಮಾರಾಯ್ತಿ. ಅವಳ ನಂಬರ್ ಉಂಟಾ ನಿನ್ನ ಹತ್ರ?” ಎಂದರು.

ಇತ್ತು. ಏಳು ವರ್ಷದಿಂದಲೂ ಇತ್ತು. ಸ್ಪೀಕರ್ ಹಾಕಿ ಕರೆ ಮಾಡಿದೆ.

“ಅಕ್ಕಾ, ನಾನು. ನಿಂತಿರೋ ನಿನ್ನ ಫೋಟೋ ಒಂದು ಬೇಕು.”

ಆ ಕಡೆಯಿಂದ ಅಕ್ಕನ ದನಿ: “ಅಮ್ಮ ಹೋದ್ರಾ?”

ಅಮ್ಮ ಮೇಜಿನ ಅಂಚು ಹಿಡಿದುಕೊಂಡರು.

“ಇಲ್ಲ ಅಕ್ಕಾ, ಇಲ್ಲೇ ಇದಾರೆ. ನಿನ್ನನ್ನ ಅಪ್ಪನ ಪಕ್ಕ ನಿಲ್ಲಿಸ್ಬೇಕಂತೆ.”

ಸಿಟ್ಟಿಲ್ಲದ ದನಿಯಲ್ಲಿ ಅಕ್ಕ ಹೇಳಿದಳು: “ಹೋಟೆಲಿನವರು ನಮ್ಮ ಬೀದಿ ಗೋಡೆ ಮೇಲೆ ಅಪ್ಪನ ಪೋಸ್ಟರ್ ಅಂಟಿಸಿದ್ರು. ತರಕಾರಿಗೆ ಅಂತ ಹೋದವಳು ಅದನ್ನ ನೋಡಿದೆ. ಹಾಗೆ ಗೊತ್ತಾಯ್ತು ನಂಗೆ. ನನ್ನನ್ನ ತೆಗೆದಿದ್ದೆ ನೀನು, ಆದ್ರೆ ಅಪ್ಪನ ತೋಳ ಮೇಲೆ ನನ್ನ ಉಗುರು ಹಾಗೇ ಇತ್ತು. ಮಳೆ ಬಂದು ಅದು ಹರಿದು ಹೋಗೋ ತನಕ ದಿನಾ ಹೋಗಿ ನೋಡ್ತಿದ್ದೆ.”

ಫೋನನ್ನು ಅಮ್ಮನ ಕೈಗೆ ಕೊಟ್ಟು, ಅಪ್ಪನ ತೋಳನ್ನು ದೊಡ್ಡದು ಮಾಡಿ ನೋಡಿದೆ. ಅಂಗಿಯ ಮಡಿಕೆಯಲ್ಲಿ, ನಾನು ಒಮ್ಮೆಯೂ ಕಾಣದಿದ್ದ ನಾಲ್ಕು ಉಗುರುಗಳು ಅಪ್ಪನನ್ನು ಹಿಡಿದುಕೊಂಡಿದ್ದವು.