ನಲವತ್ತರ ಮೇಲೇಳದ ಮುಳ್ಳು

ನಮ್ಮಣ್ಣನಿಗೆ ಒಂದು ಕಾರು ಇದೆ. ಕಾರು ಅನ್ನುವುದಕ್ಕಿಂತ ಅದನ್ನೊಂದು ರೋಗ ಅನ್ನಬೇಕು. ಅಪ್ಪ ಹತ್ತಿ ವ್ಯಾಪಾರದ ಒಳ್ಳೆಯ ದಿನಗಳಲ್ಲಿ ಕೊಂಡಿದ್ದ ಬಿಳಿ ಅಂಬಾಸಿಡರ್. ಅಪ್ಪನ ಕಾಲಕ್ಕೆ ಅದು ಬರೀ ವಾಹನವಾಗಿತ್ತು. ಅಪ್ಪ ಹೋಗಿ ಅಣ್ಣನ ಕೈಗೆ ಬಂದ ಮೇಲೆ ಮನೆದೇವರಾಯಿತು. ಶಹಾಪುರದ ಮನೆಯ ಮುಂದೆ ವಾರಕ್ಕೊಮ್ಮೆ ಅದಕ್ಕೆ ಅಭಿಷೇಕ. ಹೆಂಡತಿ ಒಂದು ತಂಬಿಗೆ ನೀರು ಹೆಚ್ಚು ಚೆಲ್ಲಿದರೆ ಕಣ್ಣು ಕೆಕ್ಕರಿಸುವ ಮನುಷ್ಯ, ಆ ತಗಡಿಗೆ ಕೊಡಗಟ್ಟಲೆ ಸುರಿಯುತ್ತಾನೆ. ಹಳೆ ಕಾರು ಇಟ್ಟುಕೊಂಡವರದೇ ಒಂದು ಗುಂಪು ಅವನ ಫೋನಿನಲ್ಲಿದೆ. ಬೆಳಗಾದರೆ ಬಂಪರಿನ ಫೋಟೋ, ಸಂಜೆಯಾದರೆ ದೀಪದ ಫೋಟೋ. ಹಡೆದ ಮಕ್ಕಳ ಫೋಟೋ ಇವರ‍್ಯಾರೂ ಇಷ್ಟು ಕಳಿಸಿಕೊಂಡದ್ದನ್ನು ನಾನು ಕಾಣೆ.

ಇಷ್ಟಾದರೂ ಆ ಕಾರಿನ ಬಗ್ಗೆ ನಾನು ಬಾಯಿ ಬಿಗಿಹಿಡಿದಿದ್ದೆ. ನಾನು ಯಾದಗಿರಿಯಲ್ಲಿ ಹೈಸ್ಕೂಲ್ ಟೀಚರು, ಬಾಯಿ ಬಿಗಿಹಿಡಿಯುವುದು ನನ್ನ ಸ್ವಭಾವವಲ್ಲ. ಆದರೆ ಅವ್ವ ಹತ್ತುತ್ತಿದ್ದ ವಾಹನ ಅದೊಂದೇ. ಕೆಲವು ವರ್ಷಗಳ ಹಿಂದೆ ಸಗರದಲ್ಲಿ ಮದುವೆ ಮುಗಿಸಿ ಬರುವಾಗ, ಮಂದಿ ತುರುಕಿಕೊಂಡಿದ್ದ ಕ್ರೂಸರ್ ಜೀಪು ಕಾಲುವೆಯ ಪಕ್ಕ ಮಗುಚಿ ಅವ್ವನ ಮುಂಗೈ ಮುರಿದಿತ್ತು. ಅಂದಿನಿಂದ ಬಸ್ಸು, ಜೀಪು, ಟಂಟಂ ಎಲ್ಲಕ್ಕೂ ದೂರದಿಂದಲೇ ನಮಸ್ಕಾರ. ಅಣ್ಣನ ಕಾರಿನಲ್ಲಿ ಮಾತ್ರ, ಮುಂದಿನ ಸೀಟಿನಲ್ಲಿ, ಒಂದು ಕರಾರಿನ ಮೇಲೆ ಕೂಡುತ್ತಿದ್ದಳು: ಮೀಟರಿನ ಮುಳ್ಳು ನಲವತ್ತು ದಾಟಬಾರದು. ಆ ಕಾರಿನ ಮೀಟರ್ ನಟ್ಟನಡುವೆ ಇದೆ, ಪಕ್ಕದಲ್ಲಿ ಕೂತವರಿಗೂ ಚೆನ್ನಾಗಿ ಕಾಣುತ್ತದೆ. ಮುಳ್ಳು ಒಂಚೂರು ಮೇಲೆ ಹೋದರೆ ಸಾಕು, "ಇಳಸು" ಅನ್ನುತ್ತಿದ್ದಳು. ಅಣ್ಣ ಹಲ್ಲು ಕಚ್ಚಿಕೊಂಡು ಇಳಿಸುತ್ತಿದ್ದ.

ಅವ್ವನ ದಾರಿ ಒಂದೇ. ಶಹಾಪುರದಿಂದ ಸುರಪುರ, ಅಲ್ಲಿಂದ ಬೋನಾಳ. ಬೋನಾಳದ ಕೆರೆಯ ಕಡೆ ಅವ್ವನ ಅಕ್ಕ, ನಮ್ಮ ದೊಡ್ಡವ್ವ ಇದ್ದಾಳೆ. ದೊಡ್ಡವ್ವನಿಗೆ ಮರೆವಿನ ಕಾಯಿಲೆ. ಮಗನನ್ನು ತನ್ನ ತಮ್ಮ ಅನ್ನುತ್ತಾಳೆ, ಸೊಸೆಯನ್ನು ಪಕ್ಕದ ಮನೆಯವಳು ಅನ್ನುತ್ತಾಳೆ, ನನ್ನನ್ನು ಯಾರೆಂದೂ ಅನ್ನುವುದಿಲ್ಲ. ಅವ್ವ ಒಬ್ಬಳೇ ಅವಳಿಗೆ ಗುರುತು. ಅವ್ವ ಹೊಸಿಲು ದಾಟುತ್ತಲೇ "ಬಂದೇನ ತಂಗಿ" ಅನ್ನುತ್ತಾಳೆ. ಅದಕ್ಕೇ ಅವ್ವ ತಿಂಗಳು ತಪ್ಪಿಸುತ್ತಿರಲಿಲ್ಲ. ಮುಂದಿನ ಸಲ ಆ ಗುರುತೂ ಇರುತ್ತದೋ ಇಲ್ಲವೋ ಎಂಬ ಭಯ ಅವಳಿಗೆ.

ದಾರಿಯುದ್ದಕ್ಕೂ ಅವ್ವನಿಗೆ ಇನ್ನೊಂದು ಕೆಲಸವಿತ್ತು. ರಸ್ತೆ ಬದಿಯ ದೇವರುಗಳನ್ನೆಲ್ಲ ಅವಳು ಮನೆಮಂದಿಗೆ ಹಂಚಿಕೊಟ್ಟಿದ್ದಾಳೆ. ಊರು ದಾಟಿದೊಡನೆ ಬರುವ ಹನುಮಪ್ಪ ಅಣ್ಣನ ಪಾಲು. ಬೇವಿನ ಗಿಡದ ಕೆಳಗಿನ ದ್ಯಾಮವ್ವ ನನ್ನ ಪಾಲು. ಸುರಪುರದ ಈಚೆಗೆ ಇರುವ ಸಣ್ಣ ದರ್ಗಾ ದೊಡ್ಡವ್ವನ ಪಾಲು. ಒಂದೊಂದು ಬಂದಾಗಲೂ ಕೈಯೆತ್ತಿ ಮುಗಿದು, ಅವರವರ ಬೇಡಿಕೆಯನ್ನು ಪೂರ್ತಿ ಹೇಳಿ, ಬೆರಳನ್ನು ಕಣ್ಣಿಗೊತ್ತಿಕೊಳ್ಳಬೇಕು. ಒಬ್ಬರ ದೇವರ ಹತ್ತಿರ ಇನ್ನೊಬ್ಬರದು ಕೇಳುವಂತಿಲ್ಲ. ಮುಳ್ಳು ನಲವತ್ತರಲ್ಲಿದ್ದರೆ ಇದಕ್ಕೆಲ್ಲ ಸರಿಯಾಗಿ ಪುರಸೊತ್ತು ಸಿಗುತ್ತಿತ್ತು.

ಒಂದು ದಿನ ಮೀಟರಿನ ಕೇಬಲ್ ಕಡಿಯಿತು. ಗೇರ್‌ಬಾಕ್ಸಿನಿಂದ ಮೀಟರಿನ ತನಕ ಕೊಳವೆಯೊಳಗೆ ಗರಗರ ತಿರುಗುವ ತಂತಿ ಅದು. ತಂತಿ ತಿರುಗಿದರೆ ಮುಳ್ಳು ಏಳುತ್ತದೆ. ಅಣ್ಣ ಹೈದರಾಬಾದಿನಿಂದ ತರಿಸಿದ್ದು ಗಿಡ್ಡವಾಯಿತು, ಸೊಲ್ಲಾಪುರದಿಂದ ತರಿಸಿದ್ದು ಎರಡನೇ ವಾರಕ್ಕೇ ಹರಿಯಿತು. ಅವ್ವ ಒಮ್ಮೆ ಕಾರು ಹತ್ತಿ, ಸುಮ್ಮನೆ ಬಿದ್ದಿದ್ದ ಮುಳ್ಳು ನೋಡಿ, ಬಾಗಿಲು ತೆಗೆದು ಇಳಿದುಬಿಟ್ಟಳು. "ಮುಳ್ಳು ಸತ್ತದ. ನಾ ಒಲ್ಲೆ," ಅಂದಳು. ಬೋನಾಳಕ್ಕೆ ಹೋಗುವುದು ನಿಂತಿತು. ಅತ್ತ ದೊಡ್ಡವ್ವನ ಸೊಸೆ ಫೋನ್ ಮಾಡಿ, "ಅತ್ತಿ ಬಾಗಲಾ ನೋಡ್ಕೋತ ಕೂಡ್ತಾಳ್ರಿ, ಯಾರಿಗಂತ ಕೇಳಿದ್ರ ಹೇಳಾಕ ಬರವಲ್ದು," ಅನ್ನುತ್ತಿದ್ದಳು. ಇತ್ತ ಅವ್ವ ಕಾರಿನ ಸುತ್ತ ಓಡಾಡಿ ಒಳಗೆ ಹೋಗುತ್ತಿದ್ದಳು.

ಆಗ ಫೋನಿನ ಗುಂಪು ಅಣ್ಣನಿಗೆ ಜ್ಞಾನೋದಯ ಮಾಡಿಸಿತು. ಮೀಟರನ್ನು ಎಲೆಕ್ಟ್ರಾನಿಕ್ ಮಾಡಿಸು. ಯಾದಗಿರಿಯಲ್ಲಿ ಒಬ್ಬ ಮಾಡುತ್ತಾನೆ. ಅಣ್ಣ ಕಾರು ತಂದು, ನಾನೂ ಜೊತೆಗೆ ಬರಬೇಕೆಂದು ಹಟ ಹಿಡಿದ. ಮೆಚ್ಚಿಕೊಳ್ಳಲು ಒಬ್ಬರು ಬೇಕಿತ್ತಲ್ಲ ಅವನಿಗೆ.

ಅಂಗಡಿಯವನಿಗೆ ಐವತ್ತರ ಮೇಲೆ ವಯಸ್ಸು, ಕಪ್ಪು ಕನ್ನಡಕ ತಲೆಯ ಮೇಲೆ. ಕೈಗಿಂತ ಬಾಯಿ ಹೆಚ್ಚು ಕೆಲಸ ಮಾಡುತ್ತಿತ್ತು. "ಕೇಬಲ್ ಜಮಾನಾ ಹೋತ್ರಿ ಮೇಡಂ. ಈಗೇನಿದ್ರೂ ಪಲ್ಸ್," ಅಂದ. ಪಲ್ಸ್ ಅಂದರೆ ಏನೆಂದು ಕೇಳಿದರೆ, ಗೊತ್ತಿಲ್ಲದವರನ್ನು ನೋಡುವ ನೋಟ ನೋಡಿದ. ನನಗೆ ತಿಳಿದದ್ದು ಇಷ್ಟು: ಕೇಬಲ್ ತೆಗೆದು ಗೇರ್‌ಬಾಕ್ಸಿಗೆ ಒಂದು ಸೆನ್ಸರ್ ಹಾಕುತ್ತಾರೆ. ಅದು ಚಕ್ರದ ಓಟವನ್ನು ಎಣಿಸಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಗೆ ಹೇಳುತ್ತದೆ. ಡಬ್ಬಿ ಮೀಟರಿನ ಹಿಂದೆ ಕೂಡಿಸಿದ ಪುಟ್ಟ ಮೋಟರಿಗೆ ಹೇಳುತ್ತದೆ. ಮೋಟರು ಮುಳ್ಳನ್ನು ಎತ್ತುತ್ತದೆ. ಹೊರಗಿನಿಂದ ನೋಡಿದರೆ ಅದೇ ಹಳೆ ಗಾಜು, ಅದೇ ಅಂಕಿ, ಅದೇ ಮುಳ್ಳು. ಯಾವ ವೇಗಕ್ಕೆ ಮುಳ್ಳು ಎಲ್ಲಿ ನಿಲ್ಲಬೇಕೆಂದು ಫೋನಿನಲ್ಲೇ ಹೊಂದಿಸುವುದು.

ಇದನ್ನು ಹೇಳುವಾಗ ಆ ಪುಣ್ಯಾತ್ಮನ ಮುಖ ಅರಳಿತು. "ಮುಳ್ಳು ನನ್ನ ಮಾತು ಕೇಳ್ತದ್ರಿ. ಮೊನ್ನೆ ಒಬ್ಬ ಮದುವಿ ಗಾಡಿಯವ ಬಂದಿದ್ದ. ಐವತ್ತು ಓಡಿದ್ರ ಎಂಬತ್ತು ತೋರಸು ಅಂದ. ಮದುಮಗಗ ಖುಷಿ ಆಗ್ತದಂತ. ಮಾಡಿಕೊಟ್ಟೆ."

"ಖುಷಿ ಆಗೂದಾದ್ರ ಮದುಮಗನ ವಯಸ್ಸೂ ಕಮ್ಮಿ ತೋರಸೂ ಮೀಟರ್ ಮಾಡ್ರಿ," ಅಂದೆ ನಾನು. ಅಂಗಡಿಯವ ನಗಲಿಲ್ಲ. ಅಣ್ಣ ಅವಶ್ಯಕತೆಗಿಂತ ಜಾಸ್ತಿ ನಕ್ಕ. ಶಾಲೆಗೆ ಹೊತ್ತಾಗಿತ್ತೆಂದು ನಾನು ಹೊರಟುಬಂದೆ.

ಮೀಟರ್ ಸರಿಹೋಯಿತು ಎಂದು ಅಣ್ಣ ಗುಂಪಿಗೆ ಎಷ್ಟು ಫೋಟೋ ಕಳಿಸಿದನೋ ದೇವರಿಗೇ ಗೊತ್ತು. ಅವ್ವನನ್ನು ಕೂಡಿಸಿಕೊಂಡು ಶಹಾಪುರದಲ್ಲೇ ಒಂದು ಸುತ್ತು ಹಾಕಿದ. ಓಣಿಯಲ್ಲಿ ಎತ್ತು, ಎಮ್ಮೆ, ಆಟೋ ದಾಟಿ ಹೋಗುವಾಗ ಯಾರು ವೇಗ ಹೋಗುತ್ತಾರೆ? ಮುಳ್ಳು ಏಳುವುದು, ಇಳಿಯುವುದು ನೋಡಿ ಅವ್ವನಿಗೆ ಸಮಾಧಾನವಾಯಿತು. "ಜೀವ ಬಂದದ ಅದಕ್ಕ," ಎಂದು ನನಗೆ ಫೋನ್ ಮಾಡಿ ಹೇಳಿದಳು. ಅವಳ ದನಿಯಲ್ಲಿನ ಹಿಗ್ಗು ಕೇಳಿ, ಹಾಳಾಗಿ ಹೋಗಲಿ, ಆ ಕಪ್ಪು ಕನ್ನಡಕದವನ ಮೇಲೂ ನನಗೆ ಒಂದು ಗಳಿಗೆ ಮಮತೆ ಹುಟ್ಟಿತು.

ಅವರು ಬೋನಾಳಕ್ಕೆ ಬರುವ ಹಿಂದಿನ ದಿನವೇ, ರಜೆ ಇತ್ತೆಂದು, ನಾನು ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದೆ. ಮರುದಿನ ಮುಂಜಾನೆ ಅವ್ವ ಫೋನ್ ಮಾಡಿ, "ಈಗ ಹೊಂಟೀವಿ," ಅಂದಳು. ಅವ್ವ ಬರುವುದೆಂದರೆ ತಾಸಿನ ಮೇಲಿನ ಮಾತು. ದೊಡ್ಡವ್ವನ ಸೊಸೆ ಒಲೆ ಹೊತ್ತಿಸಿದಳು, ನಾನು ರೊಟ್ಟಿ ಬಡಿಯಲು ಕೂತೆ. ಹಿಟ್ಟು ಇನ್ನೂ ಅರ್ಧ ಹಾಗೇ ಇತ್ತು, ಹೊರಗೆ ಹಾರ್ನ್ ಕೇಳಿಸಿತು. ಅಣ್ಣ ಒಳಗೆ ಬಂದು ಮೀಸೆ ಸವರಿಕೊಂಡು, "ಅವ್ವ ಇವತ್ತ ಒಮ್ಮೆನೂ ಇಳಸು ಅನ್ನಲಿಲ್ಲ ನೋಡು," ಅಂದ.

ಹಿಂದೆಯೇ ಬಂದ ಅವ್ವನ ಮುಖ ಬಾಡಿತ್ತು. ದೊಡ್ಡವ್ವ ಎಂದಿನಂತೆ, "ಬಂದೇನ ತಂಗಿ," ಅಂದಳು. ಇಷ್ಟು ದಿನ ತಪ್ಪಿದ್ದರೂ ಗುರುತು ಉಳಿದಿತ್ತು. ಅವ್ವ ಅದಕ್ಕೆ ಹಿಗ್ಗಬೇಕಿತ್ತು. ಅವಳು ಅಕ್ಕನ ಪಕ್ಕ ಕೂತು ತನ್ನ ಹೊಸ ಶಾಲು ತೆಗೆದು ಅಕ್ಕನಿಗೆ ಹೊದಿಸಿದಳು. "ಅಕ್ಕಾ, ಇನ್ನ ಮ್ಯಾಲ ನಾ ಬರೂದು ಆಗಂಗಿಲ್ಲ," ಅಂದಳು.

"ಯಾಕ? ಕಾರು ಕೆಟ್ಟದೇನು?" ಅಂದಳು ದೊಡ್ಡವ್ವ.

"ಕಾರು ಚಲೋ ಅದ. ನಾ ಕೆಟ್ಟೀನಿ."

ನಾನು ಹಿಟ್ಟಿನ ಕೈಯಲ್ಲೇ ಅವ್ವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಏನಾಯಿತೆಂದು ಕೇಳಿದೆ. ಅವಳು ಸೆರಗಿನ ಅಂಚು ಹೊಸೆದಳು.

"ನಿನಗ ಹೇಳಬಾರದಂತ ಮಾಡಿದ್ದೆ," ಅಂದಳು. "ಅಕ್ಕಗ ಬಂದದ್ದು ನನಗೂ ಬಂದದ. ಹನುಮಪ್ಪಗ ಕೈ ಎತ್ತೂದ್ರಾಗ ಹನುಮಪ್ಪ ಹಿಂದ ಹೋಗಿದ್ದ. ದ್ಯಾಮವ್ವಗ, ತಾಯಿ, ಮಗಳ ಸಿಟ್ಟು ಕಮ್ಮಿ ಮಾಡು ಅನ್ನಾಕತ್ತಿದ್ದೆ, ಮಾತು ಮುಗಿಯೂದ್ರಾಗ ಬೇವಿನ ಗಿಡ ಇಲ್ಲ. ಅಕ್ಕನ ದರ್ಗಾ ಯಾವಾಗ ಬಂತು, ಯಾವಾಗ ಹೋತು, ಕಾಣಲೇ ಇಲ್ಲ. ಅಕ್ಕಗ ಏನೂ ಕೇಳಲಿಲ್ಲ ನಾ. ಮುಳ್ಳು ನೋಡಿದೆ. ನಲವತ್ತರ ಮ್ಯಾಲ ಏಳೇ ಇಲ್ಲ. ಗಾಡಿ ದಿನದಂಗ ಹೊಂಟದ, ನಾನ ಹಿಂದ ಬಿದ್ದೀನಿ. ತಲಿ ನಿಧಾನ ಆಗ್ಯಾದ. ಅಕ್ಕಗೂ ಮೊದಲು ಹಿಂಗ ಆಗಿತ್ತು."

ನಾಳೆ ನಾನು ನಿನ್ನನ್ನೂ ಪಕ್ಕದ ಮನೆಯವಳು ಅಂದರೆ ಸಿಟ್ಟಾಗಬೇಡ ಎಂದು ಮುಂಗಡವಾಗಿ ಹೇಳಿಟ್ಟಳು. ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ಒಳಗೆ ಬಿಟ್ಟು ಬಂದಿದ್ದ ಅರ್ಧ ಹಿಟ್ಟು ನೆನಪಾಯಿತು. ಇಷ್ಟು ಬೇಗ ಬಂದದ್ದು ಹೇಗೆ? ಅಂಗಡಿಯವನ ಮಾತು, ಅಣ್ಣನ ನಗು ಎರಡೂ ಒಟ್ಟಿಗೆ ತಲೆಗೆ ಹೊಳೆದವು. ಅಡಿಯಿಂದ ಮುಡಿಯ ತನಕ ಉರಿದುಹೋದೆ.

ಅಣ್ಣ ಅಂಗಳದಲ್ಲಿ ಕಾರಿನ ಧೂಳು ಒರೆಸುತ್ತಿದ್ದ. "ಮುಳ್ಳು ಏನ ಮಾಡಿಸಿದಿ?" ಎಂದು ಕೇಳಿದೆ. ಅವನು ಮುಚ್ಚಿಡಲೂ ಇಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಾದರೂ ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ಎಪ್ಪತ್ತು ಓಡಿದ್ರ ನಲವತ್ತು ತೋರಸ್ತದ," ಅಂದ. "ಆಕಿ ಸಮಾಧಾನಕ್ಕ ಮಾಡಿಸಿದೆ. ನಲವತ್ತರಾಗ ಹೊಂಟ್ರ ಭತ್ತದ ಟ್ರ್ಯಾಕ್ಟರ್‌ದವ್ರೂ ಹಾರ್ನ್ ಹೊಡಕೋತ ಮುಂದ ಹೋಗ್ತಾರ. ಮರ್ಯಾದಿ ಬ್ಯಾಡೇನು? ಆಕಿಗೇನು ತಿಳೀತದ?"

ಮರ್ಯಾದೆಯಂತೆ. ಹಾಳು ತಗಡಿಗೆ ಮರ್ಯಾದೆ, ಟ್ರ್ಯಾಕ್ಟರಿನವನ ಮುಂದೆ ಮರ್ಯಾದೆ. ಹೆತ್ತವಳೊಬ್ಬಳಿಗೆ ಮಾತ್ರ ಅದು ಬೇಡ. ನಾನು ಅವನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು, ಇಣುಕಲಿ ಎಂದು ಬಿಟ್ಟೆ. ಅವ್ವ ಏನು ಅಂದುಕೊಂಡಿದ್ದಾಳೆ ಎಂದು ಹೇಳಿದಾಗ ಮಾತ್ರ ಅವನ ಕೈಯಲ್ಲಿನ ಬಟ್ಟೆ ನಿಂತಿತು. ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ನಿನ್ನ ಬಾಯಿಂದಲೇ ಹೇಳು ಎಂದು ಅವ್ವನ ಮುಂದೆ ನಿಲ್ಲಿಸಿದೆ.

ಅವನು ಪಲ್ಸು, ಸೆನ್ಸರು, ಸೆಟ್ಟಿಂಗು ಅಂತ ಶುರುಮಾಡಿದ. ಅವ್ವ ತಡೆದಳು. "ಖರೇ ಎಷ್ಟು ಓಡಿಸಿದಿ, ಅಷ್ಟ ಹೇಳು."

"ಎಪ್ಪತ್ತು."

"ಪೂರಾ ದಾರಿ?"

"ಹೌದು."

ಅವ್ವ ಕಣ್ಣು ಮುಚ್ಚಿ ಕೂತಳು. ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ಬರೂ ತಿಂಗಳ ಬರ್ತೀನಿ," ಅಂದಳು. ದೊಡ್ಡವ್ವ, "ಬಾ. ಯಾರ ಬ್ಯಾಡಂದಾರ?" ಅಂದಳು. ಅಣ್ಣ ಜೇಬಿನಿಂದ ಫೋನ್ ತೆಗೆದು, "ಈಗ ಬರೋಬ್ಬರಿ ಮಾಡ್ತೀನವ್ವ, ಒಂದು ನಿಮಿಷದ ಕೆಲಸ," ಅಂದ.

"ಕೆಡಸಾಕೂ ಅಷ್ಟ ಹಿಡದಿತ್ತೇನು?" ಎಂದು ಕೇಳಿದಳು ಅವ್ವ. ಅವನು ಫೋನ್ ಹಿಡಿದು ಕಾರಿನ ಕಡೆ ಹೋದ.

ಊಟ ಮಾಡಿ ಅವ್ವ ಚೀಲ ಎತ್ತಿಕೊಂಡು ಕಾರಿನ ಪಕ್ಕದಿಂದಲೇ ಹಾದು ರಸ್ತೆಗೆ ನಡೆದಳು. ಮುಳ್ಳು ಸರಿ ಮಾಡಿದ್ದೇನೆ, ಬೇಕಾದರೆ ಮೂವತ್ತರಲ್ಲಿ ಹೋಗುತ್ತೇನೆ, ಬೇಕಾದರೆ ಇಪ್ಪತ್ತರಲ್ಲಿ ಹೋಗುತ್ತೇನೆ ಎಂದು ಅಣ್ಣ ಹಿಂದೆ ಹಿಂದೆ ಬಂದ. ಅವ್ವ ಅವನ ಮುಖ ನೋಡಿ, "ನೀ ಹೋಗಪ್ಪ. ನಾ ಅದನ್ನ ಎಷ್ಟು ನೋಡಿದ್ರೂ ಇನ್ನ ನಂಬಾಂಗಿಲ್ಲ," ಅಂದಳು. ಬಸ್ಸು ಬಂತು. ವರ್ಷಗಳ ನಂತರ ಅವ್ವ ಬಸ್ಸಿನ ಮೆಟ್ಟಿಲು ಹತ್ತಿದಳು, ನಾನು ಬೆನ್ನಿಗೆ ಕೈಕೊಟ್ಟು ಹತ್ತಿಸಿದೆ.

ಡ್ರೈವರು ಸಿಟ್ಟಿನ ಮನುಷ್ಯ ಇರಬೇಕು, ಬಸ್ಸನ್ನು ಮನಬಂದಂತೆ ಬಿಟ್ಟಿದ್ದ. ಸುರಪುರ ದಾಟಿದ ಮೇಲಂತೂ ಕಿಟಕಿಯ ಗಾಜೆಲ್ಲ ಗಡಗಡ. ಅವ್ವ ಒಂದು ಕೈಯಿಂದ ಮುಂದಿನ ಸೀಟಿನ ಕಂಬಿ, ಇನ್ನೊಂದರಿಂದ ನನ್ನ ಮಣಿಕಟ್ಟು ಹಿಡಿದಿದ್ದಳು. ಉಗುರು ನಾಟುವಷ್ಟು ಬಿಗಿ. ಹಣೆಯ ಮೇಲೆ ಬೆವರಿತ್ತು.

"ಹೆದರಿಕಿ ಆಗಾಕತ್ತದೇನವ್ವ?" ಎಂದು ಕೇಳಿದೆ.

"ಆಗಾಕತ್ತದ. ಜೀವ ಬಾಯಿಗೆ ಬಂದದ," ಅಂದಳು. "ಆದ್ರ ಇದು ಬಸ್ಸಿನ ಹೆದರಿಕಿ, ಇಳದ ಮ್ಯಾಲ ಹೋಗ್ತದ. ಮುಂಜಾನಿ ನನಗ ನಂದ ಹೆದರಿಕಿ ಆಗಿತ್ತು."